ಕುಂಕುಮ ಹಚ್ಚಿದ ಬ್ಯಾಟರಿ

ಅಟ್ಟೂರು ಬಿಡುವ ಮುಂಚೆ

ನಮ್ಮ ಮನೆಯಲ್ಲಿ ಹೆದರುವ ಕೆಲಸ ನನ್ನದು. ಅಡುಗೆ, ಮಾರ್ಕೆಟ್ಟು, ಗೇಟಿಗೆ ಬೀಗ ಹಾಕುವುದು ಇವನ್ನೆಲ್ಲ ಹಂಚಿಕೊಂಡಿದ್ದೇವೆ. ಹೆದರುವುದನ್ನು ಮಾತ್ರ ಎಲ್ಲರೂ ಸೇರಿ ನನಗೇ ವಹಿಸಿಬಿಟ್ಟಿದ್ದಾರೆ. ಗ್ಯಾಸ್ ಆಫ್ ಆಗಿದೆಯೇ ಎಂದು ಅರ್ಧ ದಾರಿಯಿಂದ ವಾಪಸ್ ಬರುವವಳು ನಾನು. ವಿಮಾನ ಸ್ವಲ್ಪ ಕುಲುಕಿದರೆ ಮುಂದಿನ ಸೀಟನ್ನು ಹಿಡಿದುಕೊಳ್ಳುವವಳೂ ನಾನೇ.

ನಾನು ಗದಗಿನ ಕಡೆಯವಳು. ಯಲಹಂಕದ ಕಾಲೇಜೊಂದರಲ್ಲಿ ಪಾಠ ಹೇಳಲು ಬಂದು, ಹುಣಸಮಾರನಹಳ್ಳಿಯ ಹಳೆಯ ಒಕ್ಕಲು ಮನೆಯ ರಮೇಶರನ್ನು ಮದುವೆಯಾಗಿ, ಅಟ್ಟೂರಿನಲ್ಲಿ ಮನೆ ಮಾಡಿಕೊಂಡು ಇಲ್ಲೇ ಉಳಿದೆ. ರಾಗಿ ಬೆಳೆಯುತ್ತಿದ್ದ ಅವರ ಹೊಲಗಳಲ್ಲಿ ಈಗ ಅಪಾರ್ಟ್‌ಮೆಂಟುಗಳಿವೆ. ನೇಗಿಲು ಇದ್ದ ಕೊಟ್ಟಿಗೆಯಲ್ಲಿ ಟಿಪ್ಪರ್ ಲಾರಿಗಳು ನಿಲ್ಲುತ್ತವೆ. ಅತ್ತೆ ಪಿಳ್ಳಮ್ಮನವರು ಮಾತ್ರ ಹಾಗೇ ಇದ್ದಾರೆ. ಕೈತುಂಬ ಗಾಜಿನ ಬಳೆ, ಹಣೆ ತುಂಬ ಕುಂಕುಮ, ಯಾವುದಕ್ಕೂ ಜಗ್ಗದ ಜೀವ. ನನ್ನನ್ನು ಯಾರಿಗೆ ಪರಿಚಯಿಸಿದರೂ ಅವರದು ಒಂದೇ ಮಾತು: "ನಮ್ಮ ಗಿರ್ಜ ಬೋ ಒಳ್ಳೇವ್ಳು. ಆದ್ರೆ ನೆಳ್ಳು ಕಂಡ್ರೂ ಎದ್ರುತಾಳೆ."

ಆಕಾಶದಿಂದ ಐಸು ಬೀಳುವುದನ್ನು ನೋಡಬೇಕು ಎಂಬುದು ಅತ್ತೆಯ ಆಸೆ. ಟೀವಿಯಲ್ಲಿ ನೋಡಿ ಹುಟ್ಟಿದ ಆಸೆ, ಹಾಗೇ ಬೇರೂರಿಬಿಟ್ಟಿತ್ತು. ಜಾರ್ಜಿಯಾ ದೇಶಕ್ಕೆ ಹೋದರೆ ಹಿಮ ಸಿಗುತ್ತದೆ, ಊಟ ಚೆನ್ನಾಗಿರುತ್ತದೆ, ನಾವೇ ಕಾರು ಓಡಿಸಿಕೊಂಡು ತಿರುಗಬಹುದು ಎಂದು ನಮ್ಮವರ ಸ್ನೇಹಿತರೊಬ್ಬರು ಹೇಳಿದರು. ಅತ್ತೆಗೆ ಉಬ್ಬಸ ಇದೆ, ಚಳಿ ಆಗುವುದಿಲ್ಲ ಎಂದು ನಾನು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಡಾಕ್ಟರು ಕೂಡ ಪಫ್ ಇಟ್ಟುಕೊಂಡಿರಿ, ಕಾರಿನ ಸಾಕೆಟ್ಟಿಗೆ ಸಿಕ್ಕಿಸಿ ಔಷಧದ ಹಬೆ ಎಳೆದುಕೊಳ್ಳುವ ನೆಬ್ಯುಲೈಸರ್ ಒಂದು ತೆಗೆದುಕೊಂಡು ಹೋಗಿ, ಏನೂ ಆಗಲ್ಲ ಎಂದರು. ಮಾವನವರಿಗೆ ಮನೆ ಬಿಟ್ಟು ಬರುವ ಉತ್ಸಾಹವಿರಲಿಲ್ಲ. ಆಯುಧಪೂಜೆ ಮುಗಿಸಿಕೊಂಡು ನಾವು ಮೂವರೂ ಹೊರಟೆವು.

ಟಿಬಿಲಿಸಿ

ಜಾರ್ಜಿಯಾದ ರಾಜಧಾನಿಯಾದ ಈ ಊರಿನ ಜನ ಚರ್ಚು ಕಂಡರೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ಒಂದು ಸಲ ಅಲ್ಲ, ಮೂರು ಸಲ. ನಮ್ಮನ್ನು ವಿಮಾನ ನಿಲ್ದಾಣದಿಂದ ಕರೆತಂದ ಟ್ಯಾಕ್ಸಿಯವನು ಸ್ಟೇರಿಂಗ್ ಬಿಟ್ಟು ಮೂರು ಸಲ ಮಾಡಿಕೊಂಡ. ಬೆಟ್ಟಕ್ಕೊಂದು ಚರ್ಚಿರುವ ಊರು ಅದು. ಹೋಟೆಲು ಮುಟ್ಟುವ ತನಕ ನಾನು ಅವನ ಪರವಾಗಿ ರಸ್ತೆ ನೋಡುತ್ತ ಕುಳಿತಿದ್ದೆ. ಅತ್ತೆಗೆ ಮಾತ್ರ ಅವನು ತುಂಬ ಹಿಡಿಸಿದ. "ದೇವ್ರು ಅಂದ್ರೆ ಭಕ್ತಿ ಇರೋನು, ಒಳ್ಳೇ ಮನ್ಸ," ಎಂದರು.

ಮಾರನೆಯ ದಿನ ಬೆಳಿಗ್ಗೆ ಬಾಡಿಗೆ ಕಾರು ಬಂತು. ತಂದುಕೊಟ್ಟ ಹುಡುಗ ಇಂಗ್ಲಿಷ್ ಬಲ್ಲವನು. ಬೀಗದ ಕೈ ಕೊಟ್ಟು ಹೊರಡುವವನಿದ್ದ. ಅತ್ತೆ ಅವನನ್ನು ತಡೆದರು.

"ರಮೇಸ, ಪೂಜೆ ಮಾಡ್ದೆ ಗಾಡಿ ಅತ್ತೋದೇನೋ? ಬಾನೆಟ್ ಎತ್ಸು."

"ಬಾಡಿಗೆ ಗಾಡಿ ಕಣಮ್ಮ. ನಮ್ದಲ್ಲ."

"ಬಾಡಿಗೆ ಗಾಡಿ ಬಿದ್ರೆ ನಾವ್ ಬೀಳಲ್ವಾ?"

ನಮ್ಮವರು ಬಾನೆಟ್ ಎತ್ತಿಸಿದರು. ಹೋಟೆಲಿನ ತಿಂಡಿಯ ಮೇಜಿನಿಂದ ನಿಂಬೆಹಣ್ಣು ತಂದೆ. ಅತ್ತೆ ಸೆರಗಿನ ಗಂಟಿನಿಂದ ಕುಂಕುಮದ ಡಬ್ಬಿ ತೆಗೆದರು. ನಮ್ಮ ಟಿಪ್ಪರುಗಳಿಗೆ ಪ್ರತಿ ವರ್ಷ ಮಾಡುವ ಹಾಗೆ ಸ್ಟೇರಿಂಗಿಗೆ, ಟೈರಿಗೆ, ಇಂಜಿನ್ನಿಗೆ ಹಚ್ಚಿದರು. ಕೊನೆಗೆ ಬ್ಯಾಟರಿಗೆ ಬಂದರು. ಹಳೆಯ ಬ್ಯಾಟರಿ, ಧೂಳು ಮೆತ್ತಿಕೊಂಡಿತ್ತು. ವೈರು ಕಚ್ಚಿಸುವ ಅದರ ಎರಡು ಕಂಬಗಳಲ್ಲಿ ಒಂದರ ಮೇಲೆ ಕಪ್ಪು ಪ್ಲಾಸ್ಟಿಕ್ಕಿನ ಟೊಪ್ಪಿಗೆ ಮುಚ್ಚಿತ್ತು. ಇನ್ನೊಂದು ಬರಿದಾಗಿತ್ತು. ಬರಿದಾಗಿದ್ದ ಕಂಬಕ್ಕೆ ಅತ್ತೆ ಉದಾರವಾಗಿ, ಎಣ್ಣೆ ಸೇರಿಸಿ ಕಲಸಿದ ಕುಂಕುಮ ಮೆತ್ತಿದರು. ತಟ್ಟೆ ಹಿಡಿದು ಪಕ್ಕದಲ್ಲಿ ನಿಂತವಳು ನಾನೇ.

ನಿಂಬೆಹಣ್ಣುಗಳ ಮೇಲೆ ಕಾರು ಹತ್ತಿದಾಗ ಆ ಹುಡುಗ ನಗಲಿಲ್ಲ. ಮೊಬೈಲು ಜೇಬಿಗೆ ಹಾಕಿಕೊಂಡು ತಾನೂ ಮೂರು ಸಲ ಶಿಲುಬೆಯ ಗುರುತು ಮಾಡಿಕೊಂಡ. ಅತ್ತೆಗೆ ಆ ದಿನವೆಲ್ಲ ಅದೇ ಖುಷಿ.

ತ್ಸಾಲ್ಕಾ ದಾರಿ

ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು, ಸ್ಟೇರಿಂಗು ಎಡಕ್ಕಿರುತ್ತದೆ. ನಮ್ಮವರು ಗೇರ್ ಹಾಕಲು ಹೋಗಿ ಬಾಗಿಲ ಹಿಡಿ ಹಿಡಿಯುತ್ತಿದ್ದರು. ಹೆಬ್ಬಾಳದ ಫ್ಲೈಓವರ್ ಮೇಲೆ ಒಂದು ಕೈಯಲ್ಲಿ ಓಡಿಸುವ ಮನುಷ್ಯ ಅಲ್ಲಿ ಎರಡೂ ಕೈಯಲ್ಲಿ ಸ್ಟೇರಿಂಗು ಅಮುಕಿ ಹಿಡಿದಿದ್ದರು. ನನಗೆ ಸ್ವಲ್ಪ ಸಮಾಧಾನವಾಯಿತು. ಹೆದರುವ ಕೆಲಸದಲ್ಲಿ ಪಾಲುಗಾರರು ಸಿಕ್ಕಿದ್ದು ಅದೇ ಮೊದಲು.

ಪ್ರವಾಸಿಗರೆಲ್ಲ ಉತ್ತರದ ಬೆಟ್ಟಗಳಿಗೆ ಹೋಗುತ್ತಾರೆ. ನಾವು ದಕ್ಷಿಣಕ್ಕೆ, ತ್ಸಾಲ್ಕಾ ಎಂಬ ಊರಿನ ಮೇಲೆ ಹಾದು, ಬಂಡೆಯಲ್ಲಿ ಕೊರೆದ ಗುಹೆಗಳ ಊರಾದ ವಾರ್ದ್ಜಿಯಾ ಕಡೆಗೆ ಹೊರಟಿದ್ದೆವು. ದಾರಿ ಹತ್ತುತ್ತ ಹತ್ತುತ್ತ ಒಂದು ದೊಡ್ಡ ಬಯಲಿಗೆ ಬಂತು. ನಂದಿ ಬೆಟ್ಟಕ್ಕಿಂತ ಎಷ್ಟೋ ಎತ್ತರ, ಆದರೆ ಹೊಲದ ಹಾಗೆ ಸಪಾಟು. ಮರವೇ ಇಲ್ಲ. ನನಗೆ ನಮ್ಮ ಗದಗಿನ ಎರೆಹೊಲಗಳ ನೆನಪಾಯಿತು. ಊರಿನಲ್ಲಿ ಆ ಬಯಲು ಕಂಡರೆ ಮನಸ್ಸು ಹಗುರಾಗುತ್ತದೆ. ಇಲ್ಲಿ ಮಾತ್ರ, ಏನಾದರೂ ಆದರೆ ಅಡಗಿಕೊಳ್ಳಲು ಒಂದು ಮರವೂ ಇಲ್ಲವಲ್ಲ ಅನಿಸಿತು.

ಹಳ್ಳಿಯೊಂದರ ಬಳಿ ಅತ್ತೆ ಕಿಟಕಿಗೆ ಅಂಟಿಕೊಂಡರು. ಮನೆಗಳ ಪಕ್ಕ ಗೋಡೆಯೆತ್ತರಕ್ಕೆ ಏನನ್ನೋ ಒಟ್ಟಿದ್ದರು.

"ಗಿರ್ಜ, ಅದು ಬೆರಣಿ ಅಲ್ವೇನೇ?"

ನೋಡಿದರೆ ನಿಜವಾಗಿಯೂ ಬೆರಣಿ. ನಮ್ಮ ಕಡೆ ಕುಳ್ಳು ಎನ್ನುತ್ತೇವೆ. ಇಲ್ಲಿ ತಟ್ಟುವುದಿಲ್ಲ, ಇಟ್ಟಿಗೆಯ ಹಾಗೆ ಚೌಕಾಕಾರಕ್ಕೆ ಕೊಯ್ದು ಒಟ್ಟುತ್ತಾರೆ. ಮರವಿಲ್ಲದ ಸೀಮೆಯಲ್ಲಿ ಚಳಿಗಾಲಕ್ಕೆ ಅದೇ ಉರುವಲು.

"ಎಲ್ಲೋದ್ರೂ ಅಸಾ ಅಸಾನೇ," ಎಂದರು ಅತ್ತೆ, ಹಸುವನ್ನೇ ಕಂಡಷ್ಟು ತೃಪ್ತಿಯಿಂದ. ಮದುವೆಯಾಗಿ ಬಂದ ಹೊಸತರಲ್ಲಿ ಹುಣಸಮಾರನಹಳ್ಳಿಯಲ್ಲಿ ತಾವು ಬೆರಣಿ ತಟ್ಟಿದ ಕಥೆ ಶುರುವಾಯಿತು. ಕಥೆಯ ನಡುವೆ ಅವರು ಎರಡು ಸಲ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು. ಮಾತಿಗೆ ತಡೆ ಬರುವ ಹೆಂಗಸಲ್ಲ ಅವರು. ನಾನು ಹಿಂದೆ ತಿರುಗಿ ನೋಡಿದೆ. ಎದೆಯೊಳಗಿನಿಂದ ಸಣ್ಣಗೆ ಸಿಳ್ಳೆಯಂಥ ಸದ್ದು ಬರುತ್ತಿತ್ತು.

ಪರವಾನಿ ಸರೋವರ

ಸರೋವರ ಸಿಕ್ಕಿದಾಗ ಮೋಡ ಅದರ ನೀರಿನ ತನಕ ಇಳಿದಿತ್ತು. ನಮ್ಮವರು ಕಾರನ್ನು ರಸ್ತೆಯ ಅಂಚಿಗೆ ಹಾಕಿದರು. ಅತ್ತೆಗೆ ಪಫ್ ಕೊಟ್ಟೆ. ಸಾಲಲಿಲ್ಲ. ನೆಬ್ಯುಲೈಸರನ್ನು ಸಾಕೆಟ್ಟಿಗೆ ಸಿಕ್ಕಿಸಿ, ಔಷಧ ಹಾಕಿ, ಮುಖಕ್ಕೆ ಮಾಸ್ಕ್ ಹಿಡಿದೆ. ಅದು ಗುರ್ ಎಂದು ಓಡತೊಡಗಿತು.

ನಮ್ಮವರು ಇಂಜಿನ್ ಆಫ್ ಮಾಡಿದರು.

ಇದನ್ನು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆಬ್ಬಾಳದ ಸಿಗ್ನಲ್ಲಿನಲ್ಲಿ ನಿಂತು ನಿಂತು ನಮಗೆಲ್ಲ ಬಂದಿರುವ ಚಾಳಿ. ಗಾಡಿ ನಿಂತರೆ ಕೈ ತಾನಾಗಿಯೇ ಬೀಗದ ಕೈಗೆ ಹೋಗುತ್ತದೆ. ಇಂಜಿನ್ ಮಾತ್ರ ನಿಲ್ಲಬೇಕು, ಹಾಡು, ಫ್ಯಾನು ಓಡುತ್ತಿರಬೇಕು. ಇಲ್ಲಿಯೂ ಹಾಗೇ ಆಯಿತು. ಬೀಗದ ಕೈ ಆನ್ ಇತ್ತು. ಮಂಜಿಗಾಗಿ ಹಾಕಿದ್ದ ಹೆಡ್‌ಲೈಟು ಉರಿಯುತ್ತಲೇ ಇತ್ತು. ಬಿಸಿಗಾಳಿಯ ಫ್ಯಾನು ಜೋರಾಗಿ ತಿರುಗುತ್ತಿತ್ತು. ಅದರ ಮೇಲೆ ನೆಬ್ಯುಲೈಸರು. ಎಲ್ಲವೂ ಆ ಹಳೆಯ ಬ್ಯಾಟರಿಯ ತಲೆಯ ಮೇಲೆ.

ಅಷ್ಟರಲ್ಲಿ ಹಿಮ ಬೀಳತೊಡಗಿತು. ಮೊದಲು ಹತ್ತಿಯ ಎಳೆಗಳ ಹಾಗೆ ಒಂದೆರಡು, ಆಮೇಲೆ ಗಾಜಿನ ತುಂಬ. ಅತ್ತೆ ಮಾಸ್ಕಿನೊಳಗೇ ಕಣ್ಣರಳಿಸಿದರು. ಬಳೆಯ ಕೈಯನ್ನು ಗಾಜಿಗೆ ಒತ್ತಿ ನೋಡಿದರು. ಅವರ ಆಸೆ ಕೈಗೂಡಿತ್ತು. ನಾವು ಮೂವರೂ ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತೆವು. ಆ ಹೊತ್ತು ಚೆನ್ನಾಗಿತ್ತು. ಅದನ್ನು ಇಲ್ಲ ಎನ್ನಲಾರೆ.

ಆಮೇಲೆ ನೆಬ್ಯುಲೈಸರಿನ ಸದ್ದು ಇಳಿಯಿತು. ಮುದುಕರ ದನಿಯ ಹಾಗೆ ಕುಗ್ಗಿ ಕುಗ್ಗಿ ನಿಂತುಹೋಯಿತು. ಫ್ಯಾನೂ ನಿಂತಿತು. ನಮ್ಮವರು ಸೆಲ್ಫ್ ಹೊಡೆದರು. ಕಟ ಕಟ ಎಂದಿತು, ಅಷ್ಟೇ. ಇನ್ನೊಂದು ಸಲ ಹೊಡೆದಾಗ ಕಟ ಎನ್ನುವುದೂ ಇರಲಿಲ್ಲ.

"ಬ್ಯಾಟ್ರಿ ಡೌನು," ಎಂದರು ನಮ್ಮವರು. ಫೋನು ನೋಡಿದರು. ಸಿಗ್ನಲ್ ಇರಲಿಲ್ಲ. ಆಚೆ ಇಳಿದು ಕೈಯೆತ್ತಿ ಹಿಡಿದು ನೋಡಿದರು, ಅಲ್ಲಿಯೂ ಇರಲಿಲ್ಲ. ಕಾರಿನೊಳಗಿನ ಬಿಸಿ ಹೋಗುತ್ತಿರುವುದು ನನ್ನ ಕಾಲ್ಬೆರಳುಗಳಿಗೆ ಗೊತ್ತಾಗತೊಡಗಿತು. ಅತ್ತೆಯ ಎದೆಯ ಸಿಳ್ಳೆ ಈಗ ಮುಂದಿನ ಸೀಟಿಗೂ ಕೇಳುತ್ತಿತ್ತು. ಬೆಂಗಳೂರಿನಲ್ಲಿ ಕೂಡಿಟ್ಟುಕೊಂಡು ಬಂದಿದ್ದ ಹೆದರಿಕೆಗಳಲ್ಲಿ ಇದೊಂದು ಇರಲಿಲ್ಲ. ಕಳ್ಳರು, ಪಾಸ್‌ಪೋರ್ಟು, ಪ್ರಪಾತ ಎಲ್ಲವನ್ನೂ ಯೋಚಿಸಿದ್ದೆ. ಅತ್ತೆಯ ಉಸಿರು ಒಂದು ಬ್ಯಾಟರಿಗೆ ಕಟ್ಟುಬಿದ್ದಿದೆ ಎಂದು ಮಾತ್ರ ಹೊಳೆದಿರಲಿಲ್ಲ.

ಲಾರಿ

ಒಂದೆರಡು ಕಾರುಗಳು ನಿಲ್ಲದೆ ಹೋದವು. ಆಮೇಲೆ ಒಂದು ದೊಡ್ಡ ಲಾರಿ ನಿಂತಿತು. ಆರ್ಮೇನಿಯಾ ಗಡಿಯ ಕಡೆಗೆ ಹೋಗುವ ಲಾರಿ. ದಪ್ಪನೆಯ ಚಾಲಕ ಇಳಿದು ಬಂದ. ನಮ್ಮವರು ಬೀಗದ ಕೈ ತಿರುಗಿಸುವ ಹಾಗೆ ಅಭಿನಯಿಸಿ, ಕೈ ಅಲ್ಲಾಡಿಸಿ ತೋರಿಸಿದರು. ಅವನಿಗೆ ಕೂಡಲೇ ಅರ್ಥವಾಯಿತು. ಸೀಟಿನ ಹಿಂದಿನಿಂದ ದಪ್ಪ ಕೇಬಲ್ಲುಗಳನ್ನು ಎಳೆದು ತಂದ.

ನಮ್ಮ ಹುಣಸಮಾರನಹಳ್ಳಿಯ ಅಂಗಳ ಕಣ್ಣ ಮುಂದೆ ಬಂತು. ಒಮ್ಮೆ ನಮ್ಮ ಹೊಸ ಕಾರು ಹೀಗೇ ನಿಂತಾಗ, ಮೈದುನ ಕಿಟ್ಟಿ ಪಕ್ಕದಲ್ಲೇ ಇದ್ದ ಟಿಪ್ಪರಿನಿಂದ ಕೇಬಲ್ ಎಳೆದು ಕೊಟ್ಟಿದ್ದ. ಪಟ್ ಎಂದು ಸದ್ದಾಯಿತು. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಮ್ಮೆ ಪ್ರಜ್ವಲಿಸಿ ಸತ್ತವು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಅಮೃತಹಳ್ಳಿಯ ಮೆಕ್ಯಾನಿಕ್ಕು ಕಾರು ಬಿಚ್ಚಿ ನೋಡಿ ನನಗೇ ಹೇಳಿದ್ದರು: "ಮೇಡಂ, ಕಾರು ಹನ್ನೆರಡು ವೋಲ್ಟು, ಟಿಪ್ಪರು ಇಪ್ಪತ್ನಾಲ್ಕು. ಕಾರಿನ ಕಂಪ್ಯೂಟರ್ರೇ ಹೋಗಿದೆ. ಕಾರಿಗೆ ಕಾರಿಂದಾನೇ ತಗೋಬೇಕು, ಕೆಂಪನ್ನ ಕೆಂಪಿಗೇ ಕೊಡ್ಬೇಕು." ಆ ಕಾರು ಮನೆಗೆ ಬರುವ ಹೊತ್ತಿಗೆ ಒಂದು ಮಳೆಗಾಲ ಕಳೆದಿತ್ತು.

"ಬ್ಯಾಡ್ರೀ," ಎಂದೆ. ಹೆದರಿದಾಗ ನನಗೆ ಗದಗಿನ ಮಾತೇ ಬರುತ್ತದೆ. "ಇದು ಲಾರಿ ಐತಿ. ಇಪ್ಪತ್ನಾಲ್ಕು. ಬ್ಯಾಡ್ರೀ."

"ಗಿರಿಜಾ, ಬೇರೆ ಯಾರು ಬರ್ತಾರೆ ಇಲ್ಲಿ? ಅಮ್ಮನ್ನ ನೋಡು."

"ಅವರನ್ನ ನೋಡೇ ಹೇಳಾಕತ್ತೇನ್ರಿ. ಕಾರು ಸುಟ್ಟ್ ಹೋದ್ರ ಸಾಕೆಟ್ಟೂ ಹೋಗತೈತಿ. ಆಮ್ಯಾಲ ಯಾರ್ ಬಂದ್ರೂ ಏನೂ ಮಾಡಾಕಾಗಲ್ಲ."

ಚಾಲಕ ಕೇಬಲ್ಲು ಹಿಡಿದು ನಮ್ಮಿಬ್ಬರ ಮುಖವನ್ನೂ ನೋಡುತ್ತ ನಿಂತಿದ್ದ. ನಾನು ಕಾರಿನ ಮಬ್ಬು ಗಾಜಿನ ಮೇಲೆ ಬೆರಳಿನಿಂದ 12 ಎಂದು ಬರೆದೆ. ಲಾರಿಯ ಕಡೆ ಕೈ ತೋರಿಸಿ ಪಕ್ಕದಲ್ಲಿ 24 ಎಂದು ಬರೆದೆ. ಅವನು ತನ್ನ ಲಾರಿಯನ್ನು ನೋಡಿದ, ಗಾಜನ್ನು ನೋಡಿದ, "ದಾ, ದಾ," ಎಂದು ಹೌದೆನ್ನುವ ಹಾಗೆ ತಲೆಯಾಡಿಸಿ ಕೇಬಲ್ಲುಗಳನ್ನು ಸುತ್ತತೊಡಗಿದ. ಕೈಗೆ ಬಂದ ತುತ್ತನ್ನು ನಾನೇ ತಳ್ಳಿದ್ದೆ. ನಮ್ಮವರು ನನ್ನ ಕಡೆ ನೋಡಲಿಲ್ಲ.

ಅವನ ಲಾರಿಗೇ ಅತ್ತೆಯನ್ನು ಹತ್ತಿಸೋಣವೆಂದರೆ ಅದರ ಮೊದಲ ಮೆಟ್ಟಿಲೇ ನನ್ನ ಸೊಂಟದ ಮಟ್ಟಕ್ಕಿತ್ತು. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಅತ್ತೆ ಬಾಗಿ ನಿಂತುಬಿಟ್ಟರು. ಮತ್ತೆ ಕಾರಿಗೇ ಕರೆತಂದು ಕೂರಿಸಿದೆವು. ಚಾಲಕ ಅದನ್ನೆಲ್ಲ ನೋಡಿದ. ತನ್ನ ದಪ್ಪ ಕೋಟು ಬಿಚ್ಚಿ ಅತ್ತೆಗೆ ಹೊದಿಸಿದ. ಎದೆಯ ಮೇಲೆ ಕೈಯಿಟ್ಟು ಏನೋ ಹೇಳಿದ. ಲಾರಿ ಹತ್ತಿ ಹೊರಟುಹೋದ.

ಎದೆಯ ಮೇಲೆ ಕೈಯಿಡುವುದಕ್ಕೆ ಆ ಸೀಮೆಯಲ್ಲಿ ಏನರ್ಥವೋ ನಮಗೆ ಗೊತ್ತಿರಲಿಲ್ಲ. ಮತ್ತೆ ಬರುತ್ತೇನೆ ಎಂದನೋ, ಕ್ಷಮಿಸಿ ಎಂದನೋ, ದೇವರಿದ್ದಾನೆ ಎಂದನೋ. ಹಿಮದಲ್ಲಿ ಅವನ ಹಿಂದಿನ ಕೆಂಪು ದೀಪ ಕಾಣದಾಗುವ ತನಕ ನೋಡಿದೆ.

ಕಾಯುವ ಹೊತ್ತು

ಆ ಹೊತ್ತಿನ ಬಗ್ಗೆ ಹೆಚ್ಚು ಬರೆಯಲಾರೆ. ನಾನು ಹಿಂದಿನ ಸೀಟಿಗೆ ಹೋಗಿ ಅತ್ತೆಯ ಬೆನ್ನು ನೀವುತ್ತ ಕುಳಿತೆ. ಅವರು ಎರಡೂ ಕೈ ಮಂಡಿಯ ಮೇಲೂರಿ, ಮುಂದಕ್ಕೆ ಬಾಗಿ, ಒಂದೊಂದೇ ಉಸಿರನ್ನು ಬಾವಿಯಿಂದ ನೀರು ಸೇದಿದ ಹಾಗೆ ಎಳೆದುಕೊಳ್ಳುತ್ತಿದ್ದರು. ಪ್ರತಿ ಉಸಿರಿಗೂ ಬಳೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ಸದ್ದು ನಿಂತಾಗೆಲ್ಲ ನನ್ನ ಉಸಿರೂ ನಿಲ್ಲುತ್ತಿತ್ತು. ಮತ್ತೆ ಬಳೆ ಅಲುಗಿದಾಗ ನಾನೂ ಉಸಿರಾಡುತ್ತಿದ್ದೆ.

ಲಾರಿಯವನನ್ನು ಕಳಿಸಿದ್ದು ತಪ್ಪಾಯಿತೇ ಎಂದು ಒಂದೇ ಸಮ ಕೇಳಿಕೊಂಡೆ. ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ನಾನು ಊದುತ್ತ ಕೂತಿರುವಾಗ ಅತ್ತೆಗೆ ಏನಾದರೂ ಆದರೆ? ಹುಣಸಮಾರನಹಳ್ಳಿಯಲ್ಲಿ ಮಾವನವರ ಮುಂದೆ ಹೇಗೆ ನಿಲ್ಲಲಿ? ನಮ್ಮವರು ರಸ್ತೆಯಲ್ಲಿ ಅತ್ತ ಇತ್ತ ಓಡಾಡುತ್ತಿದ್ದರು. ಭುಜದ ಮೇಲೆ ಹಿಮ ಕೂತಿತ್ತು. ಒಮ್ಮೆ ಬಂದು ಗಾಜಿನ ಮೇಲೆ ನಾನು ಬರೆದ ಅಂಕಿಗಳನ್ನು ನೋಡಿದರು. ಮತ್ತೆ ರಸ್ತೆಗೇ ಹೋದರು. ಬೈದಿದ್ದರೆ ಚೆನ್ನಾಗಿತ್ತು.

"ಗಿರ್ಜ," ಎಂದರು ಅತ್ತೆ, ಉಸಿರಿನ ನಡುವೆ. "ಐಸು... ಚೆನ್ನಾಗೈತೆ."

"ಮಾತಾಡಬ್ಯಾಡ್ರಿ ಅತ್ತಿ," ಎಂದೆ.

ಆಗ ಎದುರುಗಡೆಯಿಂದ ದೀಪ ಕಂಡಿತು. ಹಳೆಯ ರಷ್ಯನ್ ಕಾರು, ಡಬ್ಬಿಯಂಥದು. ಅದರಿಂದ ಗಂಡ ಹೆಂಡತಿ ಇಳಿದರು. ಇಬ್ಬರೂ ನಮ್ಮ ವಯಸ್ಸಿನವರೇ. ಗಂಡ ಬಾಗಿ ಒಳಗೆ ನೋಡಿ ಅತ್ತೆಯ ಮೈಮೇಲಿದ್ದ ಕೋಟು ತೋರಿಸಿ, ಲಾರಿ ಓಡಿಸುವ ಹಾಗೆ ಕೈ ತಿರುಗಿಸಿ, ತಲೆಯಾಡಿಸಿದ. ಲಾರಿಯವನು ಮುಂದಿನ ಹಳ್ಳಿಯಲ್ಲಿ ನಿಲ್ಲಿಸಿ ಇವರಿಗೆ ಹೇಳಿ ಹೋಗಿದ್ದ. ಎದೆಯ ಮೇಲಿಟ್ಟ ಕೈಗೆ ಅದೇ ಅರ್ಥವಿರಬೇಕು. ನನಗೆ ಅಳು ಬಂತು, ಆದರೆ ಅಳಲು ಸಮಯವಿರಲಿಲ್ಲ.

ಕೆಂಪು ಕ್ಲಿಪ್ಪು

ಅವನ ಹೆಸರು ಆರ್ಮೆನ್, ಹೆಂಡತಿ ಅನುಷ್. ಹಿಮ ದಟ್ಟವಾಗುತ್ತಿತ್ತು, ಅವನಿಗೆ ಅವಸರ. ತನ್ನ ಕಾರನ್ನು ನಮ್ಮ ಕಾರಿಗೆ ಮೂತಿ ಕೂಡಿಸಿ ನಿಲ್ಲಿಸಿದ. ನಾನು ಓಡಿ ಹೋಗಿ ನಡುವೆ ಕೈಯಾಡಿಸಿ ನೋಡಿದೆ, ಎರಡೂ ಕಾರು ಒಂದಕ್ಕೊಂದು ತಾಗಿರಲಿಲ್ಲ. ಅವನು ಬಾನೆಟ್ ಎತ್ತಿ ತನ್ನ ಬ್ಯಾಟರಿಗೆ ಎರಡೂ ಕ್ಲಿಪ್ಪು ಹಾಕಿದ. ಇನ್ನೊಂದು ತುದಿಯ ಕೆಂಪು, ಕಪ್ಪು ಕ್ಲಿಪ್ಪುಗಳನ್ನು ಎರಡು ಕೈಯಲ್ಲಿ ಹಿಡಿದು ನಮ್ಮ ಬ್ಯಾಟರಿಯ ಮೇಲೆ ಬಾಗಿದ.

ಬ್ಯಾಟರಿಯ ಒಂದು ಕಂಬ ಕಪ್ಪು ಟೊಪ್ಪಿಗೆಯ ಕೆಳಗಿತ್ತು. ಇನ್ನೊಂದು ಕೆಂಪಗಿತ್ತು. ಆರ್ಮೆನ್ ತಲೆಯೆತ್ತಿ ನಮ್ಮನ್ನು ನೋಡಿ, ಕೆಂಪು ಕ್ಲಿಪ್ಪನ್ನು ಕೆಂಪು ಕಂಬದ ಕಡೆ ತೋರಿಸಿದ. ಸರಿ ತಾನೇ ಎಂಬ ಹಾಗೆ.

"ಹೂಂ, ಕೆಂಪು ಕೆಂಪಿಗೆ," ಎಂದರು ನಮ್ಮವರು.

ನಾನೂ ತಲೆಯಾಡಿಸಿದೆ. ಕಾರಿಗೆ ಕಾರಿನಿಂದಲೇ, ಕೆಂಪಿಗೆ ಕೆಂಪು. ಮೆಕ್ಯಾನಿಕ್ಕು ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಹೆದರಿ ಹೆದರಿ ನನ್ನ ತಲೆ ಜಡ್ಡುಗಟ್ಟಿತ್ತು. ಟಿಬಿಲಿಸಿಯಲ್ಲಿ ತಟ್ಟೆ ಹಿಡಿದು ನಿಂತಿದ್ದು ನಾನೇ ಎಂಬುದು ನೆನಪಿಗೆ ಬರಲೇ ಇಲ್ಲ.

ಟಕ್ ಟಕ್ ಟಕ್ ಎಂದು ಸದ್ದಾಯಿತು.

ಅತ್ತೆ ಯಾವಾಗ ಇಳಿದರೋ ತಿಳಿಯದು. ಲಾರಿಯವನ ಕೋಟಿನಲ್ಲಿ ಮುಳುಗಿ, ಒಂದು ಕೈಯಲ್ಲಿ ಕಾರನ್ನು ಹಿಡಿದುಕೊಂಡು, ಬಳೆಯ ಕೈಯಿಂದ ಕಾರಿನ ಮೈಗೆ ಬಡಿಯುತ್ತಿದ್ದರು. ಬಾಯಿ ತೆರೆದರೆ ಸಿಳ್ಳೆ ಬಿಟ್ಟು ಮಾತು ಬರುತ್ತಿರಲಿಲ್ಲ. ಬಲಗೈಯ ಬೆರಳನ್ನು ತಮ್ಮ ಹಣೆಯ ಕುಂಕುಮಕ್ಕೆ ಮುಟ್ಟಿಸಿದರು. ಆಮೇಲೆ ಅದೇ ಬೆರಳನ್ನು ಬ್ಯಾಟರಿಯ ಕಡೆ ಚಾಚಿದರು. ಮತ್ತೆ ಹಣೆ. ಮತ್ತೆ ಬ್ಯಾಟರಿ.

ಮೊದಲು ಅರ್ಥವಾದದ್ದು ನಮಗಲ್ಲ, ಅನುಷ್‌ಗೆ. ಅವಳು ಅತ್ತೆಯ ಹಣೆ ನೋಡಿದಳು, ಬ್ಯಾಟರಿ ನೋಡಿದಳು, ಗಂಡನ ಮಣಿಕಟ್ಟನ್ನು ಹಿಡಿದೇಬಿಟ್ಟಳು. ಕೆಂಪು ಕ್ಲಿಪ್ಪು ಕಂಬದಿಂದ ಒಂದು ಗೇಣು ದೂರದಲ್ಲಿತ್ತು.

ನಾನು ಶಾಲಿನ ತುದಿಯಿಂದ ಆ ಕಂಬವನ್ನು ಒರೆಸಿದೆ. ಕುಂಕುಮ, ಎಣ್ಣೆ, ಧೂಳು ಎಲ್ಲ ಬಂತು. ಕೆಳಗೆ ಪ್ಲಾಸ್ಟಿಕ್ಕಿನಲ್ಲಿ ಒಂದು ಅಡ್ಡಗೆರೆ ಕೆತ್ತಿತ್ತು. ಮೈನಸ್. ನಮ್ಮವರು ಕಪ್ಪು ಟೊಪ್ಪಿಗೆ ಎತ್ತಿದರು. ಕೂಡಿಸುವ ಗುರುತು ಅದರ ಕೆಳಗೆ ಅಡಗಿ ಕುಳಿತಿತ್ತು. ಇನ್ನೊಂದು ಕ್ಷಣ ಕಳೆದಿದ್ದರೆ ಉಲ್ಟಾ ಕೊಟ್ಟಿರುತ್ತಿದ್ದೆವು. ಅಂಗಳದಲ್ಲಿ ಆದ ಕಥೆಯೇ ಇಲ್ಲಿಯೂ ಆಗುತ್ತಿತ್ತು, ಲಾರಿಯ ಹಂಗೇ ಇಲ್ಲದೆ. ನಮ್ಮವರು ಕಾರಿಗೆ ಒರಗಿ ನಿಂತುಬಿಟ್ಟರು. ಆರ್ಮೆನ್ ಕೈಯಲ್ಲಿದ್ದ ಕ್ಲಿಪ್ಪುಗಳನ್ನು ಹಾವು ಹಿಡಿದವನ ಹಾಗೆ ದೂರ ಹಿಡಿದುಕೊಂಡಿದ್ದ.

ಆಮೇಲೆ ಯಾರೂ ಅವಸರ ಮಾಡಲಿಲ್ಲ. ಎಲ್ಲ ಕ್ಲಿಪ್ಪು ತೆಗೆಸಿದೆ. ಎರಡೂ ಕಾರಿನ ಬೀಗದ ಕೈ ಆಫ್ ಮಾಡಿಸಿದೆ. ಹೆಡ್‌ಲೈಟು, ಫ್ಯಾನು ಆಫ್. ನೆಬ್ಯುಲೈಸರನ್ನೂ ಸಾಕೆಟ್ಟಿನಿಂದ ಕಿತ್ತೆ. ಅದನ್ನು ಕೀಳಲು ಮನಸ್ಸಿರಲಿಲ್ಲ. ಆದರೆ ಗಾಡಿ ಎದ್ದೇಳುವಾಗ ನುಗ್ಗುವ ಕರೆಂಟಿಗೆ ಅದು ಸಿಕ್ಕಿ ಸುಟ್ಟರೆ ಗಾಡಿ ಎದ್ದೂ ಪ್ರಯೋಜನವಿರಲಿಲ್ಲ. ಅಮೃತಹಳ್ಳಿಯ ಮೆಕ್ಯಾನಿಕ್ಕು ಹೇಳಿಕೊಟ್ಟಿದ್ದ ಕ್ರಮದಲ್ಲೇ, ಕೆಂಪನ್ನು ಮೊದಲು ನಮ್ಮ ಪ್ಲಸ್ಸಿಗೆ, ಆಮೇಲೆ ಅವರ ಪ್ಲಸ್ಸಿಗೆ. ಕಪ್ಪನ್ನು ಅವರ ಮೈನಸ್ಸಿಗೆ. ಕೊನೆಯ ಕಪ್ಪು ಕ್ಲಿಪ್ಪನ್ನು ನಮ್ಮ ಬ್ಯಾಟರಿಯ ಹತ್ತಿರ ತರಲೇ ಇಲ್ಲ. ದೂರದಲ್ಲಿ, ಬಣ್ಣವಿಲ್ಲದ ಇಂಜಿನ್ನಿನ ಕಬ್ಬಿಣಕ್ಕೆ ಕಚ್ಚಿಸಿದೆವು. ಅಲ್ಲಿ ಸಣ್ಣಗೆ ಒಂದು ಕಿಡಿ ಹಾರಿತು. ನಾನು ಕಣ್ಣು ಮುಚ್ಚಿಕೊಂಡೆ. ಸುಟ್ಟ ವಾಸನೆ ಬರಲಿಲ್ಲ.

ಆರ್ಮೆನ್ ತನ್ನ ಕಾರು ಚಾಲೂ ಮಾಡಿ ಸ್ವಲ್ಪ ಹೊತ್ತು ಓಡಲು ಬಿಟ್ಟ. ಅನುಷ್ ಅತ್ತೆಯನ್ನು ತಬ್ಬಿಕೊಂಡು ನಿಂತಿದ್ದಳು. ನಾನು ಬಳೆಯ ಸದ್ದಿಗೆ ಕಿವಿ ಕೊಟ್ಟಿದ್ದೆ.

"ಹೊಡೀಲಾ?" ಎಂದು ಕೇಳಿದರು ನಮ್ಮವರು. ಮದುವೆಯಾದಂದಿನಿಂದ ಗಾಡಿಯ ವಿಷಯದಲ್ಲಿ ಅವರು ನನ್ನನ್ನು ಕೇಳಿದ್ದು ಅದೇ ಮೊದಲು.

"ಹೊಡೀರಿ."

ಎದ್ದಿತು. ಮೊದಲು ಕೆಮ್ಮಿ, ಆಮೇಲೆ ಗಟ್ಟಿಯಾಗಿ. ಡ್ಯಾಶ್‌ಬೋರ್ಡಿನ ದೀಪಗಳು ಒಂದೊಂದಾಗಿ ಬಂದು, ಒಂದೊಂದಾಗಿ ಆರಿದವು. ಹಾಕಿದ್ದಕ್ಕೆ ಉಲ್ಟಾ ಕ್ರಮದಲ್ಲಿ ಕ್ಲಿಪ್ಪುಗಳನ್ನು ತೆಗೆದೆವು, ಒಂದಕ್ಕೊಂದು ತಾಗದ ಹಾಗೆ. ಕೊನೆಯದು ಬಂದ ಮೇಲೆ ನೆಬ್ಯುಲೈಸರನ್ನು ಸಿಕ್ಕಿಸಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಗುರ್ ಎಂದಿತು. ಅತ್ತೆಯ ಮುಖಕ್ಕೆ ಮಾಸ್ಕ್ ಒತ್ತಿ ಹಿಡಿದು, ಅವರ ಭುಜದ ಮೇಲೆ ತಲೆಯಿಟ್ಟು ನಾನು ಅತ್ತುಬಿಟ್ಟೆ. ಅವರ ಎದೆಯ ಸಿಳ್ಳೆ ನಿಧಾನವಾಗಿ ಇಳಿಯುತ್ತಿರುವುದು ನನ್ನ ಕಿವಿಗೇ ಕೇಳುತ್ತಿತ್ತು.

ಅನುಷ್ ಮನೆ

ಅವರ ಕಾರಿನ ಹಿಂದೆಯೇ ಮುಂದಿನ ಹಳ್ಳಿಗೆ ಹೋದೆವು. ಅವರ ಮನೆಯಲ್ಲಿ ಬೆರಣಿಯ ಒಲೆ ಉರಿಯುತ್ತಿತ್ತು. ಕೊಳವೆಯಲ್ಲಿ ಹೊಗೆ ಹೊರಗೆ ಹೋಗುವ ಒಲೆ, ಹೀಗಾಗಿ ಅತ್ತೆಗೆ ತೊಂದರೆಯಾಗಲಿಲ್ಲ. ನಮ್ಮವರು ಅಂಗಳದಲ್ಲಿ ಕಾರಿನೊಳಗೇ ಕುಳಿತಿದ್ದರು, ಇಂಜಿನ್ ಓಡುತ್ತಲೇ ಇತ್ತು. ಅದನ್ನು ನಿಲ್ಲಿಸುವ ಧೈರ್ಯ ಅವರಿಗಿರಲಿಲ್ಲ. ಚಹಾ, ಚೀಸು, ತೆಳ್ಳಗಿನ ರೊಟ್ಟಿ ಎಲ್ಲ ಕಾರಿಗೇ ಹೋಯಿತು. ಆರ್ಮೆನ್ ಕಿಟಕಿಯಲ್ಲಿ ನೋಡಿ ನೋಡಿ ನಗುತ್ತಿದ್ದ.

ಹೊರಡುವಾಗ ಅತ್ತೆ ಸೆರಗಿನ ಗಂಟು ಬಿಚ್ಚಿ ಕುಂಕುಮದ ಡಬ್ಬಿ ತೆಗೆದರು. ಮತ್ತೆ ಬ್ಯಾಟರಿಗೋ ಎಂದುಕೊಂಡೆ. ಅವರು ಕಾರಿನ ಕಡೆ ಹೋಗಲಿಲ್ಲ. ಅನುಷ್‌ಳ ಹಣೆಗೆ ಇಟ್ಟರು. ಅವಳು ಕನ್ನಡಿ ನೋಡಿಕೊಂಡು, ಅತ್ತೆಯ ಎರಡೂ ಕೆನ್ನೆಗೆ ಮುತ್ತಿಟ್ಟಳು. ಲಾರಿಯವನ ಕೋಟನ್ನು ಮಡಿಸಿ ಅವರಿಗೇ ಒಪ್ಪಿಸಿದೆವು. ಅವನು ಆ ದಾರಿಯಲ್ಲಿ ಆಗಾಗ ಬರುತ್ತಾನಂತೆ. ಗುಹೆಗಳ ಊರನ್ನು ನಾವು ನೋಡಲಿಲ್ಲ, ಕೆಳಗಿನ ಬೆಚ್ಚಗಿನ ಊರಿಗೆ ಇಳಿದುಬಿಟ್ಟೆವು.

ಹೆಬ್ಬಾಳ

ಬಂದು ತಿಂಗಳಾಗಿದೆ. ಮೊನ್ನೆ ಅತ್ತೆಯನ್ನು ಹೆಬ್ಬಾಳದ ಡಾಕ್ಟರಿಗೆ ತೋರಿಸಿ ವಾಪಸ್ ಬರುತ್ತಿದ್ದೆವು. ಎದೆ ಕ್ಲಿಯರ್ ಆಗಿದೆ, ಇನ್ನು ಮೇಲೆ ಐಸು ನೋಡಬೇಕಾದರೆ ಟೀವಿಯಲ್ಲೇ ನೋಡಿ ಎಂದರು ಡಾಕ್ಟರು. ಸಿಗ್ನಲ್ಲಿನಲ್ಲಿ ಎಂದಿನ ಹಾಗೆ ಗಾಡಿಗಳು ನಿಂತಿದ್ದವು. ನಮ್ಮವರ ಕೈ ತಾನಾಗಿಯೇ ಬೀಗದ ಕೈಗೆ ಹೋಯಿತು.

ಹಿಂದಿನಿಂದ ಟಕ್ ಟಕ್ ಎಂದು ಗಾಜಿಗೆ ಬಳೆ ಬಡಿಯಿತು.

"ಓಡ್ಲಿ ಬುಡು ರಮೇಸ."

ಕೈ ವಾಪಸ್ ಬಂತು. ನಾನು ನಕ್ಕು ಹಿಂದೆ ತಿರುಗಿದೆ. ಅತ್ತೆ ನಗುತ್ತಿರಲಿಲ್ಲ. ಕಿಟಕಿಯಾಚೆ ಫ್ಲೈಓವರಿನ ಕಡೆ ನೋಡುತ್ತಿದ್ದರು.

"ಅವತ್ತು ನಂಗೂ ಬೋ ಎದ್ರಿಕೆ ಆಗಿತ್ತು ಕಣವ್ವ," ಎಂದರು. "ಇನ್ನು ಊರು ನೋಡಾಕಿಲ್ಲ ಅನ್ಕೊಂಡಿದ್ದೆ. ಎದ್ರೋಕೆ ನೀನಿದ್ಯಲ್ಲ, ಅದ್ಕೇ ನಾನು ಸುಮ್ನೆ ಕುಂತಿದ್ದೆ."

ಇಷ್ಟು ವರ್ಷದಲ್ಲಿ ಅವರ ಬಾಯಿಂದ ಈ ಮಾತು ಕೇಳಿರಲಿಲ್ಲ. ನಾನು ಸೀಟಿನ ಸಂದಿನಿಂದ ಕೈ ಹಿಂದೆ ಚಾಚಿದೆ. ಅವರು ಹಿಡಿದುಕೊಂಡರು. ಸಿಗ್ನಲ್ಲು ಹಸಿರಾಗಿ, ಮುಂದಿನ ಗಾಡಿಗಳು ಕದಲುವ ತನಕ ಬಿಡಲಿಲ್ಲ.